ಜೈಸಲ್ಮೇರ್‌ನಿಂದ ತೇಜುಗೆ ಮೂರೂವರೆ ಗಂಟೆ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನೊಣವಿನಕೆರೆ ಕಡೆಯ ತೋಟದ ಮನೆಯಿಂದ ಸರ್ವಮಂಗಳ ಎಂಬಾಕೆ ಠಾಣೆಗೆ ಬಂದು ದೂರು ಕೊಟ್ಟರು. ಭಾನುವಾರ ಮಧ್ಯಾಹ್ನ ಮನೆಮಂದಿ ಮದುವೆಗೆ ಹೋಗಿದ್ದಾಗ ಅಟ್ಟದ ಕೊಬ್ಬರಿ ಕಳುವಾಗಿದೆ. ತೋಟದ ಆಳು ಮಾಯಣ್ಣನ ಮೇಲೆ ಅನುಮಾನ. ಎಫ್‌ಐಆರ್ ದಾಖಲಾಗಿ ಮಾಯಣ್ಣ ಠಾಣೆಯ ಬೆಂಚಿನ ಮೇಲೆ ಬಂದು ಕೂತ. ಕಳ್ಳ ಅನ್ನಿಸಿಕೊಂಡವನನ್ನು ಆ ಸುತ್ತಿನಲ್ಲಿ ಇನ್ಯಾರೂ ತೋಟಕ್ಕೆ ಸೇರಿಸುವುದಿಲ್ಲ. ಪಾಪ, ಅವನಿಗೆ ಅದೇ ಭಯ.

ಇನ್ಸ್‌ಪೆಕ್ಟರ್ ಸೂರ್ಯಪ್ರಕಾಶ್ ಬೇಡದ್ದನ್ನೂ ಕೆದಕಿ ಕೇಳುವ ಆಸಾಮಿ. ಪಂಚನಾಮೆಗೆ ಹೋದವರು ಅಟ್ಟ ಹತ್ತಿ ಉಳಿದ ಕಾಯಿಗಳನ್ನು ಒಂದೊಂದಾಗಿ ಅಲ್ಲಾಡಿಸಿದರು. ಎಲ್ಲದರಲ್ಲೂ ನೀರಿನ್ನೂ ಕುಲುಕುತ್ತಿತ್ತು. ನೀರು ಇಂಗಿ ಒಳಗೆ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಬೇಕು. ಹೋಗಿದ್ದು ಹಾಗೆ ಮಾಗಿದ ರಾಶಿ ಮಾತ್ರ. ಯಾವ ಮೂಲೆಯದು ಹಳೆಯ ರಾಶಿ ಎಂದು ಕಳ್ಳನಿಗೆ ಗೊತ್ತಿತ್ತು.

ಹೋದ ವರ್ಷ ಆ ರಾಶಿ ತುಂಬಿದವರು ಯಾರೆಂದು ಮಾಯಣ್ಣನನ್ನು ಕೇಳಿದರು. ತಾನು ಮತ್ತು ಸರ್ವಮಂಗಳ ಅವರ ಮೈದುನ ಭೀಮರಾಜು ಎಂದ.

ಭೀಮರಾಜು ಬೇರೆ ಮನೆ ಮಾಡಿಕೊಂಡಿದ್ದ ಕೊಬ್ಬರಿ ದಲ್ಲಾಳಿ. ವ್ಯಾಪಾರಕ್ಕೆ ವಿಮಾನದಲ್ಲೇ ಓಡಾಡುವವನೆಂದು ಊರೆಲ್ಲ ಹೆಸರು. ಬುಧವಾರ ಠಾಣೆಗೆ ಬಂದವನು ನಗುತ್ತಲೇ ಕೂತ.

“ಭಾನುವಾರ ಎಲ್ಲಿದ್ರಿ?”

“ಬೆಳಿಗ್ಗೆ ಜೈಸಲ್ಮೇರಲ್ಲಿ ವಿಮಾನ ಹತ್ತಿ, ಊಟದ್ ಹೊತ್ಗೆ ಅರುಣಾಚಲದ ತೇಜಲ್ಲಿದ್ದೆ ಸಾರ್. ಮೂರೂವರೆ ಗಂಟೆ ದಾರಿ.”

ಕಾನ್‌ಸ್ಟೇಬಲ್ ನಿರ್ಮಲಾ ಮೊಬೈಲಿನಲ್ಲಿ ಹುಡುಕಿದಳು. ಎರಡೂವರೆ ಸಾವಿರ ಕಿಲೋಮೀಟರ್, ಮೂರೂವರೆ ಗಂಟೆ. ಅವನು ಹೇಳಿದ್ದು ಸರಿಯಾಗಿತ್ತು. ಅಷ್ಟು ಸರಿಯಾಗಿದ್ದೇ ಸೂರ್ಯಪ್ರಕಾಶರ ತಲೆ ಕೊರೆಯಿತು. ಎರಡೂ ನಿಲ್ದಾಣಗಳಿಗೆ ಫೋನ್ ಮಾಡಿಸಿದರು. ಎರಡೂ ಕಡೆಯವರು ಒಂದೇ ಮಾತು ಹೇಳಿದರು: ನೇರ ವಿಮಾನವೇ ಇಲ್ಲ, ನಡುವೆ ವಿಮಾನ ಬದಲಿಸಬೇಕು, ಊಟದ ಹೊತ್ತಿಗೆ ತಲುಪುವ ಮಾತೇ ಇಲ್ಲ. ಮೊಬೈಲಿನ ಲೆಕ್ಕ ಬರೀ ನಕ್ಷೆಯ ಮೇಲೆ ಗೆರೆ ಎಳೆದು ಹೇಳಿದ್ದು; ಭೀಮರಾಜುವೂ ಅದನ್ನೇ ನೋಡಿಕೊಂಡು ಬಂದಿದ್ದ.

ಇದನ್ನು ಕೇಳಿ ಭೀಮರಾಜುವಿನ ನಗು ಮಾಸಿತು. ಆಮೇಲೆ, “ಎರಡೂರಲ್ಲೂ ಬಸ್ ಸ್ಟ್ಯಾಂಡ್ ಇದ್ಮೇಲೆ ಮಧ್ಯ ಬಸ್ ಇರಲ್ವಾ ಸಾರ್? ವಿಮಾನವೂ ಅಂಗೇ ಅಂದ್ಕಂಡೆ,” ಎಂದ.

ಅವನು ಜನ್ಮದಲ್ಲೇ ವಿಮಾನ ಹತ್ತಿದವನಲ್ಲ. ಹೋಗುತ್ತಿದ್ದುದೆಲ್ಲ ರೈಲಿನಲ್ಲಿ. ಬಾಯಿ ಬಡಾಯಿಗೆ ಹೇಳಿದ್ದು ವರ್ಷಗಟ್ಟಲೆ ಬೆಳೆಯಿತು. ಕೊನೆಗೆ ತಾಯಿ ಪುಟ್ಟಗಂಗಮ್ಮ, ತನ್ನನ್ನೂ ಒಂದು ಸಲ ವಿಮಾನದಲ್ಲಿ ಕಾಶಿಗೆ ಕರೆದೊಯ್ಯೆಂದು ಪಟ್ಟು ಹಿಡಿದಳು. ಒಂದೇ ಒಂದು ಸಲ ಹತ್ತಿಬಿಟ್ಟರೆ ಹಿಂದಿನ ಸುಳ್ಳೆಲ್ಲ ನಿಜವಾಗುತ್ತದೆಂದು ಅವನು ಟಿಕೆಟ್ಟಿನ ದುಡ್ಡಿಗಾಗಿ ಅತ್ತಿಗೆಯ ಅಟ್ಟಕ್ಕೆ ಕೈ ಹಾಕಿದ್ದ. ತುರುವೇಕೆರೆಯ ಗೋದಾಮಿನಲ್ಲಿ ಮಾಲು ಸಿಕ್ಕಿತು. ಸಂಜೆ ನಾಲ್ಕಕ್ಕೆ ದಸ್ತಗಿರಿ.

ಮೂರು ದಿನದಿಂದ ಠಾಣೆಗೆ ಅಲೆಯುತ್ತಿದ್ದ ಮಾಯಣ್ಣನನ್ನು ಇನ್ನು ಬರಬೇಕಿಲ್ಲವೆಂದು ಕಳಿಸಿದರು. ಸರ್ವಮಂಗಳ ಅವನ ಮುಖ ನೋಡಲಾರದೆ ಬಾಗಿಲಲ್ಲೇ ನಿಂತರು. ಸೊಸೆಯ ಜೊತೆ ಬಂದಿದ್ದ ಪುಟ್ಟಗಂಗಮ್ಮ ಇನ್ಸ್‌ಪೆಕ್ಟರ್ ಹತ್ತಿರ ಬಂದಳು. ಮಗ ವಿಮಾನ ಹತ್ತಿಲ್ಲವೆಂದು ಅವಳಿಗೆ ಹೇಗೆ ತಿಳಿಸುವುದೆಂದು ಅವರು ತಡವರಿಸುತ್ತಿದ್ದರು.

“ಅವ್ನು ಹತ್ತಿಲ್ಲ ಅಂತ ನಂಗೆ ಮೊದ್ಲಿಂದ್ಲೂ ಗೊತ್ತು ಕಣಪ್ಪ,” ಎಂದಳು ಆಕೆ. “ನನ್ನೂ ಕರ್ಕಂಡ್ ಹೋಗು ಅಂದ್ರೆ, ಆಗ್ಲಾದ್ರೂ ನಿಜ ಹೇಳ್ತಾನೆ ಅಂತ ಕೇಳಿದ್ದೆ.”