ನೆಲದಡಿಯ ಪಿಸುಮಾತು

"ಆಕಾಶ ಕಾಣದ ಕಡೆ ಉಪಗ್ರಹ ನಮಗೆ ನೆಂಟನೂ ಅಲ್ಲ, ಇಷ್ಟನೂ ಅಲ್ಲ. ನಿನ್ನಣ್ಣನ ಫೋನನ್ನ ನಾವೇ ಹುಡುಕಬೇಕು," ಎಂದಳು ಅತ್ತಿಗೆ, ಬೆನ್ನಿಗೆ ಚೀಲ ಬಿಗಿಯುತ್ತ.

ಸುಣ್ಣಕಲ್ಲಿನ ಗುಡ್ಡದ ಬುಡದಲ್ಲಿ, ಗುಹೆಯ ಬಾಯೆದುರು ಮೂವರು ನಿಂತಿದ್ದರು. ಗುಹೆಗಳ ನಕ್ಷೆ ಬರೆಯುವ ಬಾವಲಿ ಹಿಂದಿನ ದಿನ ಒಳಗೆ ಹೋದವನು ಮರಳಿರಲಿಲ್ಲ. ಬೆಳಕಿಗಿಂತ ಕತ್ತಲೆಯನ್ನೇ ಹೆಚ್ಚು ಪ್ರೀತಿಸುವವನಿಗೆ ಗೆಳೆಯರು ಇಟ್ಟ ಹೆಸರದು. ಅವನ ಹೆಂಡತಿ, ಅಂದರೆ ಈ ಅತ್ತಿಗೆ, ರೇಡಿಯೋ ಎಂಜಿನಿಯರ್. ಅವನ ತಂಗಿ, ಅವಳ ನಾದಿನಿ, ಬಂಡೆ ಹತ್ತುವುದನ್ನು ಕಲಿಸುವವಳು. ಮೂರನೆಯವನು ರಕ್ಷಣಾ ದಳದ ಮುಖ್ಯಸ್ಥ, ಎಲ್ಲರ ಬಾಯಲ್ಲೂ ಕ್ಯಾಪ್ಟನ್.

"ಒಳಗೆ ನೂರೆಂಟು ಕವಲು. ಹೇಗೆ ಹುಡುಕ್ತೀರಿ?" ಎಂದ ಕ್ಯಾಪ್ಟನ್.

ಅತ್ತಿಗೆ ಚೀಲದ ತುಂಬ ಇದ್ದ ಅಂಗೈಯಗಲದ ಡಬ್ಬಿಗಳಲ್ಲೊಂದನ್ನು ತೋರಿಸಿದಳು. "ಫೋನ್ ಸುಮ್ಮನೆ ಬಿದ್ದಿದ್ರೂ ಬ್ಲೂಟೂತಿನಲ್ಲಿ ಆಗಾಗ ಪಿಸುಗುಡುತ್ತೆ. ಇವು ಅದಕ್ಕೆ ಕಿವಿಗಳು. ದಾರಿಯುದ್ದಕ್ಕೂ ಇಡ್ತಾ ಹೋಗೋಣ. ಯಾವ ಡಬ್ಬಿಗೆ ಮೊದಲು ಕೇಳುತ್ತೋ ಫೋನ್ ಅದಕ್ಕೆ ಹತ್ತಿರ."

"ಫೋನಿನ ಬ್ಯಾಟರಿ ಸತ್ತರೆ?"

"ಸಾಯೋದ್ರೊಳಗೆ ಹೋಗೋಣ, ನಡೀರಿ."

ಬಾಗಿಲಿನ ಬೆಳಕು ಹಿಂದೆ ಸಣ್ಣ ಚುಕ್ಕೆಯಾಗಿ ಆರಿತು. ಮುಂದೆ ತಲೆದೀಪಗಳು ಬಿದ್ದಲ್ಲೆಲ್ಲ ಕಲ್ಲು ಬಗೆಬಗೆಯ ರೂಪ ತಾಳಿತ್ತು: ಮೇಣದಂತೆ ಕರಗಿ ನಿಂತ ಕಂಬಗಳು, ನೆರಿಗೆ ಹಿಡಿದ ಪರದೆಗಳು, ಕಾಲಡಿ ಕನ್ನಡಿಯಂಥ ಕೊಳಗಳು. ಎಲ್ಲೋ ಒಂದು ಹನಿ ತೊಟಕ್ಕೆಂದರೆ ಇಡೀ ಗುಡ್ಡವೇ ಉತ್ತರ ಕೊಡುತ್ತಿತ್ತು. ಮೊಣಕಾಲು ಊರಿ, ಹೊಟ್ಟೆ ಎಳೆದು, ತಣ್ಣೀರಿನಲ್ಲಿ ಗದ್ದ ಎತ್ತಿ ತೆವಳಿದರು. ಡಬ್ಬಿಗಳನ್ನು ಇಡುತ್ತ ಹೋದರು. ಅವು ಕೇಳಿದ್ದನ್ನು ತೋರಿಸುವ ಕೈಯಂತ್ರದ ಪರದೆ ಮಾತ್ರ ಖಾಲಿ.

ದಾರಿ ಎರಡಾಗಿ ಸೀಳಿದ ಕಡೆ, ಎರಡೂ ಕವಲಿಗೆ ಒಂದೊಂದು ಡಬ್ಬಿ ಇಟ್ಟಾಗ, ಅತ್ತಿಗೆಯ ಕೈಯಲ್ಲಿದ್ದ ಯಂತ್ರ ಮಿನುಗಿತು.

"ಬಂತು!" ನಾದಿನಿ ಕುಣಿಯುವುದೊಂದು ಬಾಕಿ.

"ಎಡಗಡೆ ಜೋರಾಗಿದೆ," ಕ್ಯಾಪ್ಟನ್ ಆಗಲೇ ಅತ್ತ ತಿರುಗಿದ್ದ.

"ತಡೀರಿ. ಆ ಒದ್ದೆ ಗೋಡೆಗಳಿಗೆ ಬಡಿದು ಸುತ್ತಿ ಬಂದದ್ದೆಲ್ಲ ಅಲ್ಲಿ ಕೂಡಿಕೊಂಡು ಗದ್ದಲ ಮಾಡ್ತಿದೆ. ಮೊದಲು ಮುಟ್ಟಿದ್ದು ಬಲಗಡೆ ಡಬ್ಬಿಗೆ. ಮೊದಲು ಬಂದದ್ದೇ ನೇರ ಬಂದದ್ದು."

ಕ್ಯಾಪ್ಟನ್ ಎಡಕ್ಕೆ ಇಟ್ಟ ಕಾಲನ್ನು ಹಿಂತೆಗೆದ. "ಸರಿ, ಬಲಕ್ಕೆ."

ಇನ್ನೆರಡು ಡಬ್ಬಿ ಇಟ್ಟಾಗ ಯಂತ್ರ ಮೌನವಾಯಿತು. ಕಾದರು. ಇಲ್ಲ. ಫೋನ್ ಸತ್ತಿತ್ತು.

ನಾದಿನಿ ಅವಳ ತೋಳು ಹಿಡಿದಳು. "ಅತ್ತಿಗೆ..."

"ಕೇಳಿದ್ದಷ್ಟು ಸಾಕು." ಅತ್ತಿಗೆ ಗಂಡ ಬರೆದಿದ್ದ ನಕ್ಷೆ ಹರಡಿ, ಪಿಸುಮಾತು ಕೇಳಿದ ಪ್ರತಿ ಡಬ್ಬಿಯಿಂದಲೂ ಅದು ಬಂದಷ್ಟು ದೂರಕ್ಕೆ ಒಂದೊಂದು ವೃತ್ತ ಎಳೆದಳು. ಗೆರೆಗಳು ಕೂಡಿದ ಕಡೆ ಬೆರಳಿಟ್ಟಳು. "ಇಲ್ಲಿ. ಕಂದಕದ ಆಚೆ."

ಕಂದಕದ ತಳ ದೀಪಕ್ಕೆ ಸಿಗಲಿಲ್ಲ.

ನಾದಿನಿ ಹಗ್ಗ ಕಟ್ಟಿಕೊಂಡು ಗೋಡೆಗೆ ಅಂಟಿದಳು. ಒಂದು ಹಿಡಿ. ಇನ್ನೊಂದು.

ಕಾಲಡಿಯ ಕಲ್ಲು ಕಿತ್ತುಬಂತು!

"ಹಿಡಿದಿದ್ದೀನಿ!" ಕ್ಯಾಪ್ಟನ್ ಹಿಂದಕ್ಕೆ ಬಾಗಿ ಹಗ್ಗ ಜಗ್ಗಿದ. ಅವಳು ತೂಗಾಡಿದಳು, ಗೋಡೆಗೆ ಬಡಿದಳು, ಮತ್ತೆ ಬೆರಳು ಸಿಕ್ಕಿಸಿದಳು. ಆಚೆ ದಡ ಹತ್ತಿ ಹಗ್ಗ ಬಿಗಿದಳು. ಉಳಿದಿಬ್ಬರು ಅದರ ಮೇಲೆ ಜಾರಿ ಬಂದರು.

ಬಂಡೆಯ ಅಂಚಿನಲ್ಲಿ, ಒಂದು ಕಾಲುಚೀಲದೊಳಗೆ, ಫೋನ್ ಇತ್ತು. ಮನುಷ್ಯ ಇರಲಿಲ್ಲ.

ಅತ್ತಿಗೆ ಬಗ್ಗಿ ಕಾಲುಚೀಲ ಎತ್ತಿದಳು. ಅದಕ್ಕೆ ಕಟ್ಟಿದ್ದ ತೆಳು ಹುರಿ ಪಕ್ಕದ ಬಿರುಕಿನೊಳಗೆ ಇಳಿದಿತ್ತು.

"ಅಣ್ಣಾ!" ನಾದಿನಿ ಬಿರುಕಿಗೆ ಬಾಯಿಟ್ಟು ಕೂಗಿದಳು.

"ಕಿರುಚಬೇಡ ಕಣೇ! ಕಲ್ಲು ಉದುರುತ್ತೆ!" ಆಳದಿಂದ ಬಾವಲಿಯ ದನಿ ಬಂತು.

ನಾದಿನಿ ಅಳುತ್ತಲೇ ನಕ್ಕಳು. ಹಗ್ಗ ಇಳಿಬಿಟ್ಟು, ಮುರಿದ ಕಾಲಿಗೆ ಪಟ್ಟಿ ಕಟ್ಟಿ, ಅವನನ್ನು ಮೇಲೆತ್ತುವಷ್ಟರಲ್ಲಿ ಮೂವರ ತೋಳೂ ಬಿದ್ದುಹೋಗಿದ್ದವು.

"ತಳದಿಂದ ಸಿಗ್ನಲ್ ಆಚೆ ಬರಲ್ಲ ಅಂತ ಗೊತ್ತಿತ್ತು. ಫೋನನ್ನ ಮೇಲಕ್ಕೆ ಎಸೆದೆ, ಬಿತ್ತು. ಮತ್ತೆ ಎಸೆದೆ. ಕೊನೆಗೂ ಅಂಚಲ್ಲಿ ಸಿಕ್ಕಿಕೊಳ್ತು," ಎಂದ ಬಾವಲಿ, ನೀರು ಗುಟುಕರಿಸುತ್ತ. "ಆಮೇಲೆ ಚಿಂತೆ ಬಿಟ್ಟೆ. ನೀನು ಹುಡುಕ್ತೀಯ ಅಂತ."

ಹೆಂಡತಿ ಅವನ ತಲೆಯಿಂದ ಮಣ್ಣು ಕೊಡವಿದಳು. "ಕಾಲುಚೀಲದ ವಾಸನೆ ಹಿಡಿದೇ ಬರಬಹುದಿತ್ತು."

ಡಬ್ಬಿಗಳ ಜಾಡು ಹಿಡಿದು ಹಿಂದೆಯೇ ಬಂದು ಸ್ಟ್ರೆಚರ್ ಹೊತ್ತ ದಳದವರೊಂದಿಗೆ ಹೊರಬಿದ್ದಾಗ ಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕಿತು.

"ನಿಮ್ಮ ಲೆಕ್ಕ ಎಷ್ಟು ತಪ್ಪಿತ್ತು?" ಕ್ಯಾಪ್ಟನ್ ಕೇಳಿದ.

"ಒಂದು ಮಂಚದ ಉದ್ದದಷ್ಟು."

"ಒಳಗಿರೋ ಡಬ್ಬಿಗಳನ್ನ ತೆಗೆಸಲಾ?"

"ಬೇಡ, ಇರಲಿ. ಮುಂದೆ ಹೋಗೋರಿಗೆ ಆಗುತ್ತೆ."

ಬಾವಲಿ ಸ್ಟ್ರೆಚರ್ ಮೇಲಿಂದ ಆಸೆಯಿಂದ ತಲೆಯೆತ್ತಿದ.

"ನಿಮಗಲ್ಲ ರೀ," ಎಂದು ಹೆಂಡತಿ ಅವನ ಹಣೆ ಒತ್ತಿ ಮತ್ತೆ ಮಲಗಿಸಿದಳು.