ಎರಡು ಬೆರಳು ಎತ್ತರ

"ಯಾರ್ರೀ ನನ್ನ ಸೈಕಲ್ ಮುಟ್ಟಿದ್ದು?"

ಹಡಪ್ಸರದ ಚಹಾ ಅಂಗಡಿಯ ಮುಂದೆ ಲೋಟ ಹಿಡಿದು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಪಂಢರಪುರದ ಸೈಕಲ್ ವಾರಿಗೆ, ವಿಠ್ಠಲನ ಯಾತ್ರೆಗೆ, ತಯಾರಾಗುತ್ತಿದ್ದ ಆ ಗುಂಪಿಗೆ ಸುಲಭಾ ಸೇರಿದ ಮೊದಲ ಭಾನುವಾರ ಅದು.

"ನಾನೇ," ಎಂದ ಉದ್ದನೆಯ ಆಳೊಬ್ಬ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. "ಸೀಟು ತುಂಬಾ ಕೆಳಗಿತ್ತು ಮಾವುಲಿ. ಹೀಗೇ ತುಳಿದ್ರೆ ಪಂಢರಪುರ ಹಾಗಿರ್ಲಿ, ಸಾಸವಡ ಮುಟ್ಟೋದ್ರೊಳಗೆ ಮಂಡಿ ಹೋಗತ್ತೆ. ಎರಡು ಬೆರಳಷ್ಟು ಎತ್ತಿದೆ, ಅಷ್ಟೆ."

"ನನ್ನ ಕೇಳಿದ್ರಾ?"

ಅವನು ಕನ್ನಡಕ ಮೇಲೆ ತಳ್ಳಿಕೊಂಡ.

"ಇಳಿಸಿ. ಮೊದಲು ಎಲ್ಲಿತ್ತೋ ಅಲ್ಲಿಗೆ!"

ಅವನು ಸೀಟಿನ ಕೆಳಗಿನ ಹಿಡಿ ಸಡಿಲಿಸಿ ಇಳಿಸಿಕೊಟ್ಟ. ಅವನೇ ಗುಂಪಿನ ನಾಯಕ, ಮುಕುಂದ ಜಗದಾಳೆ. ಶಾಲೆಯಲ್ಲಿ ಚಿತ್ರಕಲೆ ಮೇಷ್ಟ್ರು. ವಾರಿಯ ಯಾತ್ರಿಕರಂತೆ ಎಲ್ಲರನ್ನೂ 'ಮಾವುಲಿ', ತಾಯಿ, ಎಂದೇ ಕರೆಯುವವನು, ಅಡ್ಡ ಬಂದ ಟ್ರಕ್ಕಿನವನನ್ನು ಕೂಡ.

"ಶಭಾಷ್!" ಎಂದು ನಕ್ಕವರು ಗುಂಪಿಗೆಲ್ಲ ಚಿಕ್ಕಮ್ಮನಾದ ವತ್ಸಲಾ ಕಾಕು. ಅರವತ್ತು ದಾಟಿದರೂ ಗುಂಪಿನಲ್ಲಿ ಅವರದೇ ಬಾಯಿ ಜೋರು. "ಈ ಮುಕುಂದನಿಗೆ ಯಾರಾದ್ರೂ ಹೀಗೆ ಝಾಡಿಸೋರು ಬೇಕಿತ್ತು."

ಸುಲಭಾಳಿಗೆ ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ತಾಗಬೇಕು. ತಾಗದಿದ್ದರೆ ಎದೆ ಹಾರುತ್ತದೆ. ಗಂಡ ಮನೆ ಮಾರಿದ್ದನ್ನು ಮಾರಿದ ಮೇಲೆ ಹೇಳಿದ್ದ. ನಾಗಪುರಕ್ಕೆ ಹೊರಟದ್ದನ್ನು, ಅಲ್ಲಿ ಇನ್ನೊಬ್ಬಳಿರುವುದನ್ನು, ಪೆಟ್ಟಿಗೆ ಕಟ್ಟಿದ ಮೇಲೆ ಹೇಳಿದ್ದ. ಅಂದಿನಿಂದ ಕಾಲ ಕೆಳಗಿನ ನೆಲವೊಂದನ್ನು ಬಿಟ್ಟು ಅವಳು ಯಾವುದನ್ನೂ ನಂಬಿದವಳಲ್ಲ.

ಒಮ್ಮೆಯಾದರೂ ತಾನೇ ನಿರ್ಧರಿಸಿ ಒಂದೂರನ್ನು ತಲುಪಬೇಕು... ಅದಕ್ಕೇ ಈ ವಾರಿ. ಆದರೆ ದಾರಿಯಲ್ಲಿನ ದಿವೆ ಘಾಟಿನ ಏರನ್ನು ಎಲ್ಲೂ ಕಾಲೂರದೆ ಹತ್ತಿದವರಿಗೆ ಮಾತ್ರ ವಾರಿಗೆ ಹೊರಡುವ ಗುಂಪಿನಲ್ಲಿ ಜಾಗ. ಸುಲಭಾ ಪ್ರತಿ ಸಲವೂ ಅರ್ಧದಲ್ಲೇ ಇಳಿದು ಸೈಕಲ್ ತಳ್ಳುತ್ತಿದ್ದಳು. ಮಂಡಿ ಉರಿಯುತ್ತಿತ್ತು. ಸೀಟನ್ನು ಮಾತ್ರ ಎತ್ತಲಿಲ್ಲ.

ಸೀಟಿನ ಆ ಜಗಳದ ದಿನದಿಂದ ಮುಕುಂದ ಎಲ್ಲವನ್ನೂ ಕೇಳಿಯೇ ಮಾಡುತ್ತಿದ್ದ. "ಮುಂದೆ ಹೋಗ್ಲಾ ಮಾವುಲಿ? ಗಾಳಿ ಸ್ವಲ್ಪ ತಡೀತೀನಿ." "ಗಾಲಿಗೆ ಗಾಳಿ ಕಡಿಮೆಯಾಗಿದೆ, ತುಂಬ್ಲಾ?"

ಮೊದಮೊದಲು ಅಣಕಿಸುತ್ತಿದ್ದಾನೆ ಅನಿಸಿತ್ತು. ಆಮೇಲೆ... ಭಾನುವಾರ ಯಾಕಿಷ್ಟು ತಡವಾಗಿ ಬರುತ್ತದೆ ಅನಿಸತೊಡಗಿತು!

ಒಂದು ದಿನ ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೇ ಬಂದ.

"ಇದು ಜಾರತ್ತೆ. ಬಿಗಿ ಮಾಡ್ತೀರಾ?"

ಕಡ್ಡಿಗಳನ್ನು ಬಿಸಿ ಮಾಡಿ ಬಗ್ಗಿಸಿದಳು. "ಮುಟ್ಟಲಾ?" ಎಂದು ಎಲ್ಲ ಗಿರಾಕಿಗಳನ್ನೂ ಕೇಳುವಂತೆ ಕೇಳಿ, ಅವನ ಕಿವಿಯ ಹಿಂದೆ ಕೂರಿಸಿದಳು. "ಒತ್ತುತ್ತಾ?"

"ಒತ್ತಲಿ ಬಿಡಿ," ಎಂದ ಮೆಲ್ಲಗೆ.

ಆ ಎರಡು ಮಾತನ್ನು ಅವಳು ವಾರವಿಡೀ ತಿರುಗಿಸಿ ಮುರುಗಿಸಿ ನೋಡಿದಳು.

ಮುಂದಿನ ಭಾನುವಾರ ಚಹಾ ಮುಗಿಸಿ ಎಲ್ಲರೂ ಅವಸರದಲ್ಲಿ ಹೊರಟರು. ಮುಕುಂದ ಪಕ್ಕದಲ್ಲೇ ಬರುತ್ತಿದ್ದ. ಏನಾಶ್ಚರ್ಯ... ಕಾಲು ಹೂವಿನಷ್ಟು ಹಗುರ! 'ಇವನು ಪಕ್ಕದಲ್ಲಿದ್ದರೆ ದಾರಿಯೇ ಇಳಿಜಾರಾಗುತ್ತದಲ್ಲ,' ಅಂದುಕೊಂಡು ಒಳಗೊಳಗೇ ನಾಚಿದಳು.

ಸಿಗ್ನಲ್ ಕೆಂಪಾಯಿತು. ಬ್ರೇಕ್ ಒತ್ತಿ ಎಂದಿನಂತೆ ಕಾಲು ಚಾಚಿದಳು.

ನೆಲ ಇರಲಿಲ್ಲ!

ಧಡಾರನೆ ಬಿದ್ದಳು. ಹಿಂದಿದ್ದ ಬಸ್ಸು ಕಿರ್ರೆಂದು ನಿಂತಿತು. ಮೊಣಕೈ ಸುಲಿದು ರಕ್ತ ಬರುತ್ತಿತ್ತು. ಅವಳ ಕಣ್ಣು ಮಾತ್ರ ಸೀಟಿನ ಮೇಲೆ. ಎರಡು ಬೆರಳಷ್ಟು ಮೇಲಿತ್ತು.

"ಮತ್ತೆ ಎತ್ತಿದ್ರಾ?" ಅವಳು ಮುಕುಂದನತ್ತ ತಿರುಗಿದಳು. "ಕೇಳೋ ನಾಟಕ ಆಡಿ ಆಡಿ, ಕೊನೆಗೆ ನೀವೂ ಅಷ್ಟೇನಾ! ನಮಗೆ ಯಾವುದು ಒಳ್ಳೇದು ಅಂತ ನಮ್ಮನ್ನ ಬಿಟ್ಟು ಎಲ್ರಿಗೂ ಗೊತ್ತು, ಅಲ್ವಾ?"

ಅವಳನ್ನು ಎಬ್ಬಿಸಲೆಂದು ಮುಂದೆ ಬಂದ ಅವನ ಕೈ ಅಲ್ಲೇ ನಿಂತಿತು.

"ತಪ್ಪಾಯ್ತು," ಎಂದ. ಅಷ್ಟೆ.

ಮುಂದಿನ ಭಾನುವಾರ ಮುಕುಂದ ಬರಲಿಲ್ಲ. ಸುಲಭಾ ಬೇಡವೆಂದರೂ ರಸ್ತೆಯ ತಿರುವನ್ನೇ ನೋಡುತ್ತಿದ್ದಳು.

"ಯಾರಿಗೆ ಕಾಯ್ತಿದ್ದೀಯ?" ವತ್ಸಲಾ ಕಾಕು ಅವಲಕ್ಕಿ ಪೋಹೆಯ ತಟ್ಟೆ ಹಿಡಿದು ಪಕ್ಕದಲ್ಲಿ ಕೂತರು. "ಅವನು ಈ ಸಲ ವಾರಿಗೇ ಬರಲ್ವಂತೆ. 'ಅವರು ನೆಮ್ಮದಿಯಾಗಿ ಹೋಗಿ ಬರ್ಲಿ ಕಾಕು' ಅಂತ ನಿನ್ನ ಬಗ್ಗೆ ಅಂದ."

ಸುಲಭಾ ರಸ್ತೆಯಿಂದ ಕಣ್ಣು ಕಿತ್ತು ಅವರತ್ತ ತಿರುಗಿದಳು.

"ಇಲ್ನೋಡು, ಬೈಯೋದಾದ್ರೆ ನನ್ನ ಬೈಯಿ. ಅವತ್ತು ಸೀಟು ಎತ್ತಿದ್ದು ನಾನು!"

"ಕಾಕು!"

"ನೀನು ಮಂಡಿ ಹಿಡ್ಕೊಂಡು ಕುಂಟೋದು ನೋಡೋಕಾಗ್ಲಿಲ್ಲ ಕಣೇ. ಅವನು ಬೇಡ ಅಂದ. ನಾನು ಯಾರ ಮಾತು ಕೇಳಿದ್ದೀನಿ? ಬಿದ್ದಾಗ ನನಗೆ ಬಾಯೇ ಬರ್ಲಿಲ್ಲ. ಅಷ್ಟು ಜನರ ಮುಂದೆ ಮುದುಕಿ ಹೆಸರು ಯಾಕೆ ಅಂತ ಅವನು ನುಂಗ್ಕೊಂಡ."

ಆ ವಾರ ಸುಲಭಾ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಒಬ್ಬರ ಕನ್ನಡಕವನ್ನು ಇನ್ನೊಬ್ಬರ ಮೂಗಿಗೆ ಏರಿಸಿದಳು. ಮುಕುಂದನಿಗೆ ಫೋನ್ ಹಚ್ಚಿ, ಒಂದು ರಿಂಗಾಗುವ ಮೊದಲೇ ಕತ್ತರಿಸಿದಳು. ಕಾಕು ತಪ್ಪು ಮಾಡಿದ್ದರು, ನಿಜ. ಆದರೆ ಅವತ್ತು ಕಾಲು ಹಗುರಾಗಿದ್ದು ಸುಳ್ಳೇ?

ಶುಕ್ರವಾರ ಕೆಲಸದಿಂದ ಬಂದವಳೇ, ಚಪ್ಪಲಿ ಕೂಡ ಬಿಡದೆ, ಸೈಕಲ್ಲಿನ ಮುಂದೆ ಕೂತಳು. ಹಿಡಿ ಸಡಿಲಿಸಿದಳು. ಎರಡು ಬೆರಳು ಅಳೆದು ತಾನೇ ಎತ್ತಿ ಬಿಗಿದಳು. ಗೋಡೆ ಹಿಡಿದು ಹತ್ತಿ ಕೂತರೆ, ಪಾದ ಗಾಳಿಯಲ್ಲಿ! ಎದೆ ಹಾರಿತು. ಇಳಿಯಲಿಲ್ಲ.

ಆಮೇಲೆ ಅವನಿಗೊಂದು ಸಂದೇಶ ಕಳಿಸಿದಳು. 'ಭಾನುವಾರ ಘಾಟ್ ಹತ್ತುತ್ತೇನೆ. ನೀವಿರಬೇಕು.'

ಅವನು ಓದಿದ. ಉತ್ತರಿಸಲಿಲ್ಲ.

ವಾರಿಗೆ ಮುಂಚಿನ ಕೊನೆಯ ಅಭ್ಯಾಸ. ಚಹಾ ಅಂಗಡಿಯಲ್ಲಿ ಮುಕುಂದ ಇರಲಿಲ್ಲ. ಘಾಟಿನ ಬುಡದಲ್ಲೂ ಇರಲಿಲ್ಲ.

'ಬರದಿದ್ದರೆ ಬೇಡ... ನಾನು ಹತ್ತುವುದು ನನಗಾಗಿ,' ಎಂದು ಹಲ್ಲು ಕಚ್ಚಿ ತುಳಿದಳು. ಪ್ರತಿ ಸಲ ಇಳಿಯುತ್ತಿದ್ದ ತಿರುವು ಬಂತು, ಹಿಂದೆ ಸರಿಯಿತು. ಉಸಿರು ಸುಟ್ಟಿತು. ಬೆವರು ಕಣ್ಣಿಗಿಳಿಯಿತು. ಮಂಡಿ ಮಾತ್ರ ನೋಯಲಿಲ್ಲ!

ಕೊನೆಗೆ ಘಾಟಿನ ನೆತ್ತಿ. ಸೊಂಟದ ಮೇಲೆ ಕೈಯಿಟ್ಟು ನಿಂತ ವಿಠ್ಠಲನ ಎತ್ತರದ ಮೂರ್ತಿ. ಅದರ ಕೆಳಗೆ, ಅದೇ ಭಂಗಿಯಲ್ಲಿ ನಿಂತ ಇನ್ನೊಬ್ಬ...

ಮುಕುಂದ!

ಆಗಲೇ ಅವಳಿಗೆ ನೆನಪಾದದ್ದು, ಆಸರೆಗೆ ಗೋಡೆಯೋ ಕಂಬವೋ ಇಲ್ಲದೆ ತನಗೆ ನಿಲ್ಲಿಸಲು ಬರುವುದಿಲ್ಲ!

"ರೀ! ಕಾಲಿಗೆ ನೆಲ ಸಿಗಲ್ಲ ನನಗೆ!"

ಅವನು ಓಡಿ ಬಂದ. ಹತ್ತಿರ ಬಂದವನು ತಟ್ಟನೆ ಕೈ ತಡೆದು ಪಕ್ಕದಲ್ಲೇ ಓಡುತ್ತ ಕೇಳಿದ, "ಹಿಡೀಲಾ?"

"ಅಯ್ಯೋ, ಹಿಡೀರಿ ಬೇಗ!"

ಸೈಕಲ್ ನಿಂತಿತು. ಅವಳ ಕೈ ಅವನ ಭುಜದ ಮೇಲಿತ್ತು.

"ನಾನೇ ಎತ್ತಿದ್ದು," ಎಂದಳು ಏದುಸಿರಿನಲ್ಲಿ.

"ಗೊತ್ತಾಯ್ತು."

"ಕಾಕು ಎಲ್ಲಾ ಹೇಳಿದ್ರು. ಅವತ್ತು ನೀವ್ಯಾಕೆ ಹೇಳ್ಲಿಲ್ಲ?"

"ಕಾಕು ಎತ್ತಿದ್ದು ನನಗೆ ಗೊತ್ತಿತ್ತು. ನಿಮಗೆ ಹೇಳ್ಬೇಕಿತ್ತು. ಆದ್ರೆ ಅವತ್ತು ನೀವು ನಗ್ತಾ ತುಳೀತಿದ್ರಿ... ಅದನ್ನ ಕೆಡಿಸೋಕೆ ಮನಸ್ಸಾಗ್ಲಿಲ್ಲ. ತಪ್ಪು ನಂದೂ ಹೌದು."

ಸುಲಭಾ ಕಣ್ಣು ತಗ್ಗಿಸಿದಳು. "ಕಾಲು ಹಗುರಾಗಿದ್ದು ಸೀಟಿನಿಂದ ಅಂತ ನನಗೆ ಗೊತ್ತಿರ್ಲಿಲ್ಲ. ನೀವು ಪಕ್ಕದಲ್ಲಿದ್ರಲ್ಲ... ಅದಕ್ಕೆ ಅಂದ್ಕೊಂಡಿದ್ದೆ."

ಅವನು ತಲೆಯೆತ್ತಿ ಅವಳನ್ನೇ ನೋಡಿದ. ಕನ್ನಡಕ ಮತ್ತೆ ಮೂಗಿನ ತುದಿಗೆ ಜಾರಿತ್ತು.

"ಮುಟ್ಟಲಾ?" ಎಂದಳು.

ಅವನು ತಲೆಯಾಡಿಸಿದ. ಅವಳು ಒಂದೇ ಬೆರಳಿನಿಂದ ಕನ್ನಡಕವನ್ನು ಮೇಲೆ ಸರಿಸಿದಳು.

"ದಾರಿ ಬಿಡಿ ಮಾವುಲಿ, ದಾರಿ ಬಿಡಿ!" ಕಾಕು ಗಂಟೆ ಬಾರಿಸುತ್ತ, ಅಗತ್ಯಕ್ಕಿಂತ ದೂರ ಹೋಗಿ ನಿಂತರು.

"ನೀವು ವಾರಿಗೆ ಬರ್ಬೇಕು," ಎಂದಳು ಸುಲಭಾ. "ಈ ಎತ್ತರ ನಾನು ಇಳಿಸಲ್ಲ. ಪಂಢರಪುರದವರೆಗೆ ಎಲ್ಲೆಲ್ಲಿ ನಿಲ್ತೀವೋ, ಅಲ್ಲೆಲ್ಲ ನನಗೊಂದು ಭುಜ ಬೇಕು."

"ಪಂಢರಪುರದವರೆಗೆ ಮಾತ್ರಾನಾ... ಸುಲಭಾ?"

ಅವನ ಬಾಯಲ್ಲಿ ತನ್ನ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು.

"ಮೊದಲು ಸೈಕಲ್ ಗಟ್ಟಿಯಾಗಿ ಹಿಡೀರಿ," ಎಂದಳು. "ನಾನು ಇಳೀಬೇಕು."

ಹಿಡಿದ. ಅವಳು ಇಳಿಯಲಿಲ್ಲ.