ಬಣ್ಣನುಂಗನ ಹೊಟ್ಟೆ ಕರಗಿಸಿದ ಡೇರೆ ಹೂವು

ನಮ್ಮ ತಾತನ ತಾತ ಇನ್ನೂ ಅಂಬೆಗಾಲಿಡ್ತಿದ್ದ ಕಾಲ. ಚಂದ್ರಾಳ ಅಂತ ಒಂದು ರಾಜ್ಯ ಇತ್ತು. ಈ ಕತೇನ ನನ್ನಷ್ಟು ನೆಟ್ಟಗೆ ಹೇಳೋನು ಸುತ್ತ ಏಳೂರಲ್ಲಿ ಇಲ್ಲ. ಸುಮ್ನೆ ಕೇಳಿ.

ಆ ರಾಜ್ಯದಲ್ಲಿ ಜವರ ಅಂತ ಒಬ್ಬ ಮಡಕೆ ಮಾಡೋನು. ಹೊಂಬಾಳಮ್ಮನ ಜೊತೆ ಅವನ ಮದುವೆ. ಹಸೆ ಮೇಲೆ ಕೂತವ್ರೆ, ಇನ್ನೇನು ತಾಳಿ ಕಟ್ಬೇಕು, ಬಂದ ನೋಡಿ ಬಣ್ಣನುಂಗ ಅನ್ನೋ ಮಾಟಗಾರ, ಹದ್ದಿನ ಮೇಲೆ ಕೂತ್ಕಂಡು.

ಅವನ ಮಾಟ ಇಷ್ಟೇ. ಒಂದು ಬಣ್ಣ ನೋಡಿ ಹೆಸರು ಕೂಗಿದ್ರೆ ಆ ಬಣ್ಣ ಓಡಿಬಂದು ಅವನ ಹೊಟ್ಟೆ ಸೇರೋದು. ತಪ್ಪು ಕೂಗಿದ್ರೆ, ಕೂಗಿದ ಬಣ್ಣ ಹೊಟ್ಟೆಯಿಂದ ಈಚೆಗೆ ನೆಗೆಯೋದು. ಆದ್ರೆ ಅವನು ಯಾವತ್ತೂ ತಪ್ಪಿರಲಿಲ್ಲ. ಹಂಗಾಗೇ ಊರಿನ ಮಲ್ಲಿಗೆ, ಚೆಂಡುಹೂವು, ಗಿಣಿ ಎಲ್ಲಾ ಬರೀ ಬೂದಿ ಬಣ್ಣ.

"ಕೆಂಪು!" ಅಂದ. ಹೊಂಬಾಳಮ್ಮನ ಸೀರೆಯ ಕೆಂಪು, ಕುಂಕುಮದ ಕೆಂಪು, ಮೈಯಾಗಿನ ರಕ್ತದ ಕೆಂಪು, ಎಲ್ಲಾ ಹೋಯ್ತು. ಹುಡುಗಿ ಕೂತಲ್ಲೇ ಕಲ್ಲು.

ಜವರ ಅವನ ಕಾಲು ಹಿಡಿದ. ಅವನು ನಕ್ಕ. "ನಾನು ಬಣ್ಣದ ಹೆಸರು ಹೇಳಕ್ಕಾಗದ ಹೂವು ತೋರಿಸಲಾ, ಇವಳ ಕೆಂಪು ವಾಪಸ್ ಕೊಡ್ತೀನಿ. ನೂರು ದಿನ ಕೊಟ್ಟಿದೀನಿ. ಆಗ್ಲಿಲ್ಲ ಅಂದ್ರೆ ಇವಳ ಪಕ್ಕ ನೀನೂ ಕಲ್ಲು!"

ಜವರ ಅರಮನೆ ತೋಟಕ್ಕೆ ಓಡಿ ಡೇರೆ ಹೂವಿನ ಗಡ್ಡೆ ಬೇಡ್ಕಂಡು ಬಂದ. ಅವನ ಅಜ್ಜಿ ಮಂಚಮ್ಮ ಅದನ್ನ ಕಿತ್ತು ಎಸೆದ್ಲು.

"ಗಡ್ಡೆ ನೆಟ್ರೆ ಹಳೇ ಹೂವೇ ಬತ್ತದೆ ಕಣೋ ಪೆದ್ದ. ಅದನ್ನ ಅವನು ನೋಡವ್ನೆ. ಬೀಜ ಹಾಕು. ಬೀಜದ ಡೇರೆ ಒಂದರಂಗೆ ಒಂದು ಇರಕಿಲ್ಲ. ಏನು ಬತ್ತದೆ ಅಂತ ಬ್ರಹ್ಮಂಗೂ ಗೊತ್ತಿಲ್ಲ!" ಅಂತ ಎಲೆಅಡಿಕೆ ಚೀಲ ಕೊಡವಿ ಒಂದು ಚಿಟಿಕೆ ಕರೀ ಬೀಜ ಕೊಟ್ಲು.

ಜವರ ಮಣ್ಣು ಜರಡಿ ಹಿಡಿದ, ಹಳೇ ಸಗಣಿ ಗೊಬ್ಬರ ಕಲಸಿದ, ಬೀಜದ ಮೇಲೆ ತೆಳ್ಳಗೆ ಮಣ್ಣು ಉದುರಿಸಿದ. ಎಂಟನೇ ದಿನ ಮೊಳಕೆ. ನಾಲ್ಕು ಎಲೆ ಬಂದಾಗ ಒಂದೊಂದು ಸಸಿ ಒಂದೊಂದು ಮಡಕೆಗೆ. ನಾನೂ ಬೆಳೆಸಿದೋನೇ, ಇದಕ್ಕಿಂತ ಬೇರೆ ದಾರಿ ಇಲ್ಲ.

ಬಣ್ಣನುಂಗ ಸುಮ್ನಿರ್ತಾನಾ? ಮೊದಲು ಮೋಡದ ಎಮ್ಮೆ ಕಳಿಸ್ದ. ಅದು ಮಡಕೆ ಸಾಲಿಟ್ಟಿದ್ದ ಜಗಲಿ ಮೇಲೆ ನಿಂತು ಮೂರು ದಿನ ನೀರು ಸುರೀತು. ಬೇರು ಕೊಳೀಲಿ ಅಂತ! ಜವರ ತಾನು ಸುಟ್ಟ ಮಡಕೆಗಳಿಗೆ ತಾನೇ ಉಳಿ ಹಿಡಿದು ತಳಕ್ಕೆ ತೂತು ಹೊಡೆದ. ಬೀದಿಯೋರು "ಏನ್ಲಾ ಜವರ, ತೂತು ಮಡಕೆ ಮಾರೋಕೆ ಹೊಂಟ್ಯಾ?" ಅಂತ ಆಡ್ಕಂಡ್ರು. ನೀರು ಹರಿದು ಹೋಯ್ತು, ಸಸಿ ಉಳೀತು.

ಆಮೇಲೆ ಟಗರಿನಷ್ಟು ದಪ್ಪದ ಬಸವನಹುಳ ಕಳಿಸ್ದ. ಅದು ಎಲೆ ತಿನ್ನೋಕೆ ಲೋಳೆ ಸುರಿಸ್ಕಂಡು ಬಂತು. ಜವರ ಮಡಕೆ ಸುಡೋ ಆವಿಗೆಯ ಬೂದಿ ತಂದು ಸುತ್ತ ಚೆಲ್ಲಿದ. ಹೊಟ್ಟೆ ಉರಿ ತಾಳ್ದೆ ಹುಳ ಮಾಟಗಾರನ ಮನೆಗೇ ವಾಪಸ್ ಹೋಯ್ತು.

ಮೂರನೇದು ಕಷ್ಟದ್ದು. ನಲವತ್ತೈದನೇ ದಿನ ಗಿಡ ಒಂದೇ ಕಡ್ಡಿಯಾಗಿ ಮೇಲಕ್ಕೆ ಎದ್ದಿತ್ತು. ಅಜ್ಜಿ "ತುದಿ ಚಿವುಟು, ಕವಲು ಹೊಡೀತದೆ" ಅಂದ್ಲು. ಬೇಲಿ ಮೇಲೆ ಒಂದು ಗಿಣಿ ಕೂತು ಮಾತಾಡ್ತು, ಮಾಟಗಾರನ ಗಿಣಿ.

"ಚಿವುಟಬೇಡ ಅಣ್ಣಯ್ಯ. ಹದಿನೈದು ದಿನ ಹಿಂದೆ ಬೀಳ್ತೀಯ. ನೂರನೇ ದಿನ ಹೂವಿಲ್ದೆ ಕಲ್ಲಾಗ್ತೀಯ."

ಗಿಣಿ ಹೇಳಿದ್ದು ಸುಳ್ಳಲ್ಲ, ಅದೇ ಸಂಕಟ. ಜವರ ಅಜ್ಜಿ ಕಡೆ ತಿರುಗಿದ.

"ಅಜ್ಜಿ, ಹೂವು ತಡ ಆದ್ರೆ?"

"ಒಂದು ಹೂವು ಇಟ್ಕಂಡು ಅವನ ಹೊಟ್ಟೆ ಖಾಲಿ ಮಾಡ್ತೀಯೇನ್ಲಾ? ಚಿವುಟು!"

ಕಣ್ಣು ಮುಚ್ಚಿ ಚಿವುಟಿದ, ಎಲ್ಲಾ ಗಿಡದ್ದೂ.

ತೊಂಬತ್ತೊಂಬತ್ತನೇ ದಿನದ ತನಕ ಬರೀ ಮೊಗ್ಗು. ಜವರ ಊಟ ಬಿಟ್ಟ. ನೂರನೇ ದಿನ ಬೆಳಗ್ಗೆ ಜಗಲಿ ತುಂಬ ಹೂವು! ತಟ್ಟೆಯಷ್ಟಗಲ ಕೆಲವು, ಅಂಗಿ ಗುಂಡಿಯಷ್ಟು ಕೆಲವು, ಒಂದರಂಗೆ ಒಂದಿಲ್ಲ. ರಾಜ, ರಾಣಿ, ಊರೋರೆಲ್ಲ ಬಂದು ನಿಂತ್ರು. ಬಣ್ಣನುಂಗನೂ ಬಂದ.

"ಏನ್ ಸ್ವಾಮಿ, ಹೇಳಕ್ಕಾಗುತ್ತೋ, ಇಲ್ಲ ಹದ್ದು ಹತ್ಕಂಡು ಹೊರಡ್ತೀರೋ?" ಅಂದ ಜವರ.

ಅಷ್ಟು ಜನರ ಮುಂದೆ ಸುಮ್ನಿರೋಕೆ ಅವನ ಸೊಕ್ಕು ಬಿಡ್ಲಿಲ್ಲ. ಒಂದು ಹೂವು ನೋಡಿ "ಬಿಳಿ!" ಅಂದ. ಎಸಳಿನ ಅಂಚಲ್ಲಿ ನೇರಳೆ ಗೆರೆ ಇತ್ತು. ಬಿಳಿ ಹೊಟ್ಟೆಯಿಂದ ನೆಗೆದು ಮಲ್ಲಿಗೆ ಸೇರ್ತು. "ಹಳದಿ!" ಅಂದ. ನಡುವೆ ಪರಂಗಿ ಹಣ್ಣಿನ ತಿರುಳಿನಂಥದೇನೋ ಬಣ್ಣ ಇತ್ತು, ಅದಕ್ಕೆ ಹೆಸರೇ ಇಲ್ಲ. ಹಳದಿ ಹೋಗಿ ಚೆಂಡುಹೂವು ಸೇರ್ತು. ಕೋಪ ಬಂದಷ್ಟೂ ಕೂಗ್ದ, ಕೂಗಿದಷ್ಟೂ ಸೊರಗ್ದ.

ಕೊನೆಗೆ ಒಂದು ಹೂವು ಕಂಡು ಹಲ್ಲು ಕಿಸಿದ. ಅಚ್ಚ ಕುಂಕುಮದಂಗಿತ್ತು. "ಕೆಂಪು!"

ಜವರ ಮೆಲ್ಲಗೆ ಒಂದು ಎಸಳು ಎತ್ತಿ ತೋರಿಸ್ದ. ಹಿಂಬದಿ ಪೂರಾ ಬೆಣ್ಣೆ ಬಣ್ಣ.

ಕೆಂಪು ನೆಗೆದು ಹೊಂಬಾಳಮ್ಮನ ಮೈ ಸೇರ್ತು. ಹೊಟ್ಟೇಲಿ ಇನ್ನೇನೂ ಉಳೀಲಿಲ್ಲ. ಬಣ್ಣನುಂಗ ಅಕ್ಕಿ ತೊಳೆದ ನೀರಿನಂಗೆ ಕರಗಿ ನೆಲಕ್ಕೆ ಹರಿದ. "ಗಿಡದ ಬುಡಕ್ಕೆ ತಿರುಗಿಸ್ರಪ್ಪೋ, ದಂಡ ಆಗ್ತದೆ!" ಅಂತ ಅಜ್ಜಿ ಕೂಗಿದ್ಲು.

ಹಸೆ ಮೇಲೆ ಹೊಂಬಾಳಮ್ಮ ಕಣ್ಣು ಬಿಟ್ಲು. ಗಂಡಿನ ಕೈ ನೋಡಿದ್ಲು.

"ಥೂ! ಉಗುರು ತುಂಬ ಗೊಬ್ಬರ! ಇದೇ ಕೈಯಾಗೆ ತಾಳಿ ಕಟ್ತೀಯಾ?"

"ಇದೇ ಕೈ. ಬೇರೆ ಇಲ್ಲ" ಅಂದ ಜವರ. ಇಡೀ ಚಪ್ಪರ ನಕ್ಕಿತು, ಕೊರಳಿಗೆ ತಾಳಿ ಬಿತ್ತು.

ಊಟ ಆದ್ಮೇಲೆ ರಾಜನೇ ಬಂದು ಕೈಯೊಡ್ಡಿದ. "ಜವರ, ನಂಗೂ ನಾಲ್ಕು ಬೀಜ ಕೊಡಪ್ಪ. ಗುಲಾಬಿ ಬಣ್ಣದ್ದೇ ಬರಬೇಕು."

"ಬಿತ್ತಿ ನೋಡಬೇಕು ಬುದ್ಧಿ" ಅಂದ ಜವರ. "ಅಪ್ಪಣೆ ಮಾಡಿದ್ರೆ ಬರೋ ಹೂವಲ್ಲ ಇದು."

ಆ ವರ್ಷದಿಂದ ಚಂದ್ರಾಳದಲ್ಲಿ ಜಗಲಿಗೊಂದು ಬಣ್ಣ, ದಿನಕ್ಕೊಂದು ನಗು. ಅವರೆಲ್ಲ ಅಲ್ಲಿ ಚೆನ್ನಾಗವ್ರೆ.